ಒಂದು ತಾರೀಖು, ಹಲವು ಘಟನೆಗಳು: ‘ಇತಿಹಾಸದಲ್ಲಿ ಈ ದಿನ’ ಫಲಕವನ್ನು ತಪ್ಪಿಲ್ಲದೆ ಬರೆಯುವ ಕ್ರಮ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯದ ಬಾಗಿಲ ಪಕ್ಕ ನಾಲ್ಕಡಿ ಅಗಲದ ಕರಿಹಲಗೆ ಇದೆ. ಅದರ ಮೇಲೆ ‘ಇತಿಹಾಸದಲ್ಲಿ ಈ ದಿನ’ ಬರೆಯುವ ಕೆಲಸ ಹಲವು ವರ್ಷಗಳಿಂದ ನನ್ನದು. ಈಗ ಠಾಣೆ, ಪುಣೆ ಕಡೆಯ ಸಂಘಗಳ ಹುಡುಗರೂ ಇಂಥ ಫಲಕ ಬರೆಯಲು ತೊಡಗಿದ್ದಾರೆ. ಬರೆದದ್ದರ ಫೋಟೋ ಕಳುಹಿಸಿ ‘ಸರಿಯಿದೆಯೇ ನೋಡಿ’ ಎನ್ನುತ್ತಾರೆ. ಅಕ್ಷರ ಚೆನ್ನಾಗಿರುತ್ತದೆ, ಉತ್ಸಾಹವೂ ಇರುತ್ತದೆ, ಆದರೆ ಪ್ರತಿ ಸಲವೂ ಅವೇ ತಪ್ಪುಗಳು. ಎಲ್ಲರೂ ಮೊದಲು ತಾರೀಖು ಹುಡುಕುತ್ತಾರೆ, ಅಂದು ನಡೆದದ್ದೇನು ಎಂಬುದನ್ನು ಆಮೇಲೆ ಯೋಚಿಸುತ್ತಾರೆ. ಈ ಕ್ರಮ ತಿರುಗಬೇಕು.

ಉದಾಹರಣೆಗೆ ನವೆಂಬರ್ 1ನ್ನು ಇಟ್ಟುಕೊಂಡಿದ್ದೇನೆ. ಎಲ್ಲ ಕನ್ನಡ ಸಂಘಗಳೂ ಬರೆಯುವ ದಿನ ಅದು, ಅತಿ ಹೆಚ್ಚು ತಪ್ಪು ಕಾಣುವ ದಿನವೂ ಅದೇ.

ಮೊದಲು ಕೂಡಿಸಿಕೊಳ್ಳಬೇಕಾದದ್ದು

ಅಂಗೈ ಅಗಲದ ಕಾರ್ಡುಗಳು ಮೂವತ್ತು, ಪೆನ್ಸಿಲ್, ಒಂದು ದಪ್ಪ ರಿಜಿಸ್ಟರ್, ಯಾವ ವರ್ಷದ ಯಾವ ತಾರೀಖಿಗೆ ಯಾವ ವಾರ ಎಂದು ತೋರಿಸುವ ಕ್ಯಾಲೆಂಡರ್ (ಮೊಬೈಲಿನದಾದರೂ ಆದೀತು), ತಿಥಿ ಇರುವ ಗೋಡೆಯ ಪಂಚಾಂಗ. ಹಳೆಯ ಶಕೆ ಮತ್ತು ತಿಥಿಗಳನ್ನು ಇಂಗ್ಲಿಷ್ ತಾರೀಖಿಗೆ ತರಬೇಕಾದರೆ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ‘ಇಂಡಿಯನ್ ಎಫೆಮೆರಿಸ್’ ಸಂಪುಟಗಳು ಬೇಕು. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ ನೋಡಿ. ಕ್ರಿ.ಶ. 700ರಿಂದ ಮುಂದಿನ ಕಾಲಕ್ಕೆ ಅದರಷ್ಟು ನೆಚ್ಚಬಹುದಾದ ಕೈಪಿಡಿಯನ್ನು ನಾನು ಕಂಡಿಲ್ಲ.

ಹಲಗೆಗೆ ಸೀಮೆಸುಣ್ಣ, ದಾರ, ಎರಡು ಹತ್ತಿಬಟ್ಟೆ. ಅದರ ವಿಷಯ ಕೊನೆಗೆ.

ಹಂತ 1: ಹತ್ತು ದಿನ ಮುಂಚೆ ಕಾರ್ಡು ಹಾಕಿ

ಒಂದು ಘಟನೆಗೆ ಒಂದೇ ಕಾರ್ಡು. ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಿ, ಆರಿಸಲು ಹೋಗಬೇಡಿ. ನವೆಂಬರ್ 1ಕ್ಕೆ ನನ್ನ ಪೆಟ್ಟಿಗೆಯಲ್ಲಿರುವ ಕಾರ್ಡುಗಳಲ್ಲಿ ಕೆಲವು ಇವು: 1755ರ ಲಿಸ್ಬನ್ ಭೂಕಂಪ, 1858ರಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ, 1922ರಲ್ಲಿ ತುರ್ಕಿಯ ಸುಲ್ತಾನ ಪದವಿ ರದ್ದಾದದ್ದು, 1952ರಲ್ಲಿ ಅಮೆರಿಕದ ಮೊದಲ ದೊಡ್ಡ ಜಲಜನಕ ಬಾಂಬ್ ಪರೀಕ್ಷೆ, 1954ರಲ್ಲಿ ಫ್ರೆಂಚರಿಂದ ಪುದುಚೇರಿ ಹಸ್ತಾಂತರ, 1956ರ ರಾಜ್ಯ ಪುನರ್ವಿಂಗಡಣೆ, 1966ರಲ್ಲಿ ಹರಿಯಾಣ, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ನಾಮಕರಣ, 1993ರಲ್ಲಿ ಐರೋಪ್ಯ ಒಕ್ಕೂಟ, 2000ದಲ್ಲಿ ಛತ್ತೀಸಗಢ.

ಕಾರ್ಡಿನ ಎಡ ಮೂಲೆಯಲ್ಲಿ, ಅದು ಎಲ್ಲಿ ಸಿಕ್ಕಿತು ಎಂದು ಎರಡು ಪದದಲ್ಲಿ ಬರೆಯಿರಿ. ಹಿಂದಿನ ರಾತ್ರಿ ಅವಸರದಲ್ಲಿ ಮೊಬೈಲ್ ನೋಡಿ ಹಲಗೆಗೆ ಇಳಿಸುವವರು ಈ ಮೂಲೆಯನ್ನು ಬಿಡುತ್ತಾರೆ. ಆಮೇಲೆ ಯಾರಾದರೂ ‘ಇದು ಎಲ್ಲಿಂದ?’ ಎಂದರೆ ಉತ್ತರ ಇರುವುದಿಲ್ಲ.

ಹಂತ 2: ಪ್ರತಿ ಕಾರ್ಡಿಗೂ ಕ್ರಿಯಾಪದ ಕೊಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಜನ ಹಾರಿಸಿಬಿಡುವುದೂ ಇದನ್ನೇ. ‘ಪುದುಚೇರಿ ಭಾರತಕ್ಕೆ’ ಎಂದು ಬರೆದರೆ ಅದು ಅರ್ಧ ಮಾತು. ಭಾರತಕ್ಕೆ ಏನಾಯಿತು? 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಪ್ರತಿನಿಧಿಗಳು ಮತ ಹಾಕಿದರು. ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. 1956ರ ಮೇ 28ರಂದು ಒಪ್ಪಂದಕ್ಕೆ ಸಹಿಯಾಯಿತು. ಕಾನೂನಿನ ಪ್ರಕಾರ ವರ್ಗಾವಣೆ ಪೂರ್ಣವಾದದ್ದು 1962ರ ಆಗಸ್ಟ್ 16ರಂದು. ನಾಲ್ಕು ತಾರೀಖುಗಳು, ನಾಲ್ಕೂ ಸರಿ. ಕ್ರಿಯಾಪದವಿಲ್ಲದೆ ಬರೆದರೆ ನಾಲ್ಕೂ ಜಗಳಕ್ಕೆ ನಿಲ್ಲುತ್ತವೆ. ನವೆಂಬರ್ 1ರ ಹಲಗೆಗೆ ಬರಬೇಕಾದ ಸಾಲು ‘1954: ಪುದುಚೇರಿ, ಕಾರೈಕಲ್, ಮಾಹೆ, ಯಾನಂಗಳ ಆಡಳಿತ ಭಾರತದ ಕೈಗೆ ಬಂತು’ ಎಂಬುದು.

1858ರ ಕಾರ್ಡನ್ನೂ ಹೀಗೆಯೇ ನೋಡಿ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯನ್ನು ಕೊನೆಗಾಣಿಸುವ ಕಾಯ್ದೆ ಒಪ್ಪಿಗೆ ಪಡೆದದ್ದು ಆಗಸ್ಟ್ 2ರಂದು. ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಅಲಹಾಬಾದಿನಲ್ಲಿ ರಾಣಿಯ ಘೋಷಣೆಯನ್ನು ಓದಿದ್ದು ನವೆಂಬರ್ 1ರಂದು. ‘ಕಂಪನಿ ಆಳ್ವಿಕೆ ಅಂತ್ಯ’ ಎಂಬುದಕ್ಕಿಂತ ‘ಘೋಷಣೆ ಓದಲಾಯಿತು’ ಎಂಬುದು ಈ ದಿನಕ್ಕೆ ಸರಿಯಾಗಿ ಕೂರುತ್ತದೆ.

ಇನ್ನು ನಮ್ಮದೇ ವಿಷಯ. ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು, ಅದು ಜಾರಿಗೆ ಬಂದದ್ದು ನವೆಂಬರ್ 1ರಂದು. ರಾಜ್ಯದ ಹೆಸರು ಬದಲಿಸಬೇಕೆಂದು ವಿಧಾನಸಭೆ ನಿರ್ಣಯ ಮಾಡಿದ್ದು 1972ರಲ್ಲಿ, ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ಗೋವೆಯ ಸಂಘಗಳಿಗೆ ಇನ್ನೊಂದು ಉದಾಹರಣೆ: 1961ರ ಡಿಸೆಂಬರ್ 18ರಂದು ಸೇನೆ ಒಳನುಗ್ಗಿತು, 19ರ ರಾತ್ರಿ ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾಗತಿಗೆ ಸಹಿ ಹಾಕಿದರು, 1987ರ ಮೇ 30ರಂದು ಗೋವೆ ರಾಜ್ಯವಾಯಿತು. ‘ಗೋವಾ ಭಾರತಕ್ಕೆ ಸೇರಿ ರಾಜ್ಯವಾಯಿತು’ ಎಂದು ಡಿಸೆಂಬರ್ 19ರ ಹಲಗೆಯಲ್ಲಿ ಬರೆದಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕೆಲಸಕ್ಕೆ ಬರುವ ಪರೀಕ್ಷೆ ಇಷ್ಟು: ಕಾರ್ಡಿನ ಮೇಲೆ ಸಹಿಯಾಯಿತು, ಅಂಗೀಕಾರವಾಯಿತು, ಜಾರಿಗೆ ಬಂತು, ಘೋಷಿಸಲಾಯಿತು, ಉದ್ಘಾಟನೆಯಾಯಿತು, ಹುಟ್ಟಿದರು, ತೀರಿಕೊಂಡರು ಇಂಥ ಒಂದು ಕ್ರಿಯಾಪದ ಇರಲೇಬೇಕು. ‘ಉದಯ’, ‘ಕ್ರಾಂತಿ’, ‘ಮೈಲಿಗಲ್ಲು’ ಎಂಬ ಪದ ಮಾತ್ರ ಇದ್ದರೆ ಕಾರ್ಡನ್ನು ಪಕ್ಕಕ್ಕಿಡಿ.

ಹಂತ 3: ಆ ಊರಿನಲ್ಲಿ ಆಗ ಯಾವ ಪಂಚಾಂಗ ನಡೆಯುತ್ತಿತ್ತು?

1800ಕ್ಕಿಂತ ಹಿಂದಿನ ಪ್ರತಿ ಕಾರ್ಡಿಗೂ ಈ ಪ್ರಶ್ನೆ ಕೇಳಿ. ರಷ್ಯಾದ ಘಟನೆಯಾದರೆ 1918ರವರೆಗೂ ಕೇಳಬೇಕು.

ಯೂರೋಪಿನವರು ಮೊದಲು ಬಳಸುತ್ತಿದ್ದದ್ದು ಜೂಲಿಯನ್ ಪಂಚಾಂಗ. ಅದು ಸೂರ್ಯನ ಗತಿಗಿಂತ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಿತ್ತು. 1582ರಲ್ಲಿ ಅದನ್ನು ತಿದ್ದಿ ಗ್ರೆಗೋರಿಯನ್ ಪಂಚಾಂಗ ತಂದರು. ಪೋರ್ಚುಗಲ್ ಮತ್ತು ಸ್ಪೇನ್ ಕೂಡಲೇ ಒಪ್ಪಿದವು: ಆ ವರ್ಷ ಅಲ್ಲಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಇಂಗ್ಲೆಂಡು ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಈ ಎರಡು ವರ್ಷಗಳ ನಡುವೆ ಗೋವೆಯ ಪೋರ್ಚುಗೀಸರ ಕಾಗದಕ್ಕೂ ಮುಂಬಯಿಯ ಇಂಗ್ಲಿಷರ ಕಾಗದಕ್ಕೂ ಹತ್ತು ಹನ್ನೊಂದು ದಿನ ಅಂತರವಿತ್ತು. ನಮ್ಮ ಪಶ್ಚಿಮ ಕರಾವಳಿಯ ಇತಿಹಾಸ ಬರೆಯುವವರು ಇದನ್ನು ಮರೆಯುವಂತೆಯೇ ಇಲ್ಲ.

ನವೆಂಬರ್ 1ರ ಲಿಸ್ಬನ್ ಭೂಕಂಪಕ್ಕೆ ಈ ತೊಡಕಿಲ್ಲ. ಅದು ನಡೆದದ್ದು 1755ರಲ್ಲಿ, ಅಷ್ಟರಲ್ಲಿ ಇಂಗ್ಲಿಷರೂ ಬದಲಾಗಿದ್ದರು. ಸಕಲ ಸಂತರ ಹಬ್ಬದ ದಿನ ಬೆಳಿಗ್ಗೆ, ಇಗರ್ಜಿಗಳು ಜನರಿಂದ ತುಂಬಿದ್ದಾಗ ಭೂಮಿ ನಡುಗಿತು. ಆಮೇಲೆ ಸಮುದ್ರ ನುಗ್ಗಿತು, ಬೆಂಕಿ ಹಬ್ಬಿತು. ಅದೇ ಭೂಕಂಪ 1751ರಲ್ಲಿ ಆಗಿದ್ದರೆ ಇಂಗ್ಲಿಷ್ ವ್ಯಾಪಾರಿಯ ಪತ್ರದಲ್ಲಿ ಅಕ್ಟೋಬರ್ 21 ಎಂದಿರುತ್ತಿತ್ತು.

ತೊಡಕಿರುವುದು ಶಿವಾಜಿ ಮಹಾರಾಜರ ವಿಷಯದಲ್ಲಿ. ಮಹಾರಾಷ್ಟ್ರ ಸರ್ಕಾರ ಒಪ್ಪಿರುವ ಜನ್ಮದಿನ 1630ರ ಫೆಬ್ರವರಿ 19. ಇದು ಶಕೆ 1551ರ ಫಾಲ್ಗುಣ ಬಹುಳ ತದಿಗೆಯಿಂದ ಲೆಕ್ಕ ಹಾಕಿದ ಜೂಲಿಯನ್ ತಾರೀಖು. ಗ್ರೆಗೋರಿಯನ್ ಲೆಕ್ಕದಲ್ಲಿ ಅದೇ ದಿನ ಮಾರ್ಚ್ 1. ರಾಯಗಡದ ಪಟ್ಟಾಭಿಷೇಕವೂ ಹೀಗೆಯೇ: 1674ರ ಜೂನ್ 6, ಜ್ಯೇಷ್ಠ ಶುದ್ಧ ತ್ರಯೋದಶಿ. ಅಲ್ಲಿ ಹಾಜರಿದ್ದ ಈಸ್ಟ್ ಇಂಡಿಯಾ ಕಂಪನಿಯ ಹೆನ್ರಿ ಆಕ್ಸಿಂಡನ್ ಬಳಸುತ್ತಿದ್ದದ್ದು ಇಂಗ್ಲಿಷರ ಹಳೆಯ ಪಂಚಾಂಗ. ಇಂದಿಗೂ ರಾಯಗಡದಲ್ಲಿ ತಾರೀಖಿಗೊಂದು, ತಿಥಿಗೊಂದು ಎಂದು ಎರಡು ಸಲ ಉತ್ಸವ ನಡೆಯುತ್ತದೆ. ಎರಡನ್ನೂ ಗೌರವದಿಂದ ನೋಡಬೇಕು. ಹಲಗೆ ಬರೆಯುವವರಿಗೆ ಇದು ಯಾರ ಪಕ್ಷ ಹಿಡಿಯುವ ವಿಷಯವೂ ಅಲ್ಲ.

ಹಾಗಾದರೆ ಯಾವುದನ್ನು ಬರೆಯಬೇಕು? ರೂಢಿಯಲ್ಲಿ ನಿಂತಿರುವ ತಾರೀಖನ್ನೇ ಬರೆಯಿರಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಹಳೆ ಪದ್ಧತಿ’ ಎಂದು ಸೇರಿಸಿ. ಪೋರ್ಚುಗೀಸರ ಆಲ್ಬುಕರ್ಕ್ ಗೋವೆಯನ್ನು ಗೆದ್ದುಕೊಂಡದ್ದು 1510ರ ನವೆಂಬರ್ 25, ಸಂತ ಕ್ಯಾಥರೀನಳ ಹಬ್ಬದ ದಿನ. ಅದನ್ನು ಲೆಕ್ಕ ಹಾಕಿ ಡಿಸೆಂಬರ್ 5ಕ್ಕೆ ತಳ್ಳಿದರೆ ಹಬ್ಬದ ಸಂಬಂಧವೇ ಕಳಚಿಹೋಗುತ್ತದೆ. ಒಂದೇ ಹಲಗೆಯಲ್ಲಿ ಒಂದು ಸಾಲನ್ನು ಪರಿವರ್ತಿಸಿ, ಇನ್ನೊಂದನ್ನು ಹಾಗೆಯೇ ಬಿಡುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ‘ಒಂದೇ ದಿನ’ ಎಂಬ ಮಾತಿಗೇ ಅರ್ಥವಿರುವುದಿಲ್ಲ.

ಹಂತ 4: ಗಡಿಯಾರ ನೋಡಿ

ರಾತ್ರಿ ಹತ್ತರಿಂದ ಬೆಳಗಿನ ಆರರ ನಡುವೆ ನಡೆದ ಘಟನೆಯ ಕಾರ್ಡಿಗೆ ಕೆಂಪು ಚುಕ್ಕೆ ಇಡಿ. ಟೈಟಾನಿಕ್ ಹಡಗು ಹಿಮಗಡ್ಡೆಗೆ ಡಿಕ್ಕಿ ಹೊಡೆದದ್ದು 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ, ಮುಳುಗಿದ್ದು 15ರ ನಸುಕಿನ 2.20ಕ್ಕೆ, ಎರಡೂ ಹಡಗಿನ ಗಡಿಯಾರದ ಪ್ರಕಾರ. ಅಂಬೇಡ್ಕರ್ ಜಯಂತಿಯ ಹಲಗೆಯಲ್ಲಿ ‘ಟೈಟಾನಿಕ್ ಮುಳುಗಿತು’ ಎಂದು ಬರೆದರೆ ತಪ್ಪು, ‘ಡಿಕ್ಕಿ ಹೊಡೆಯಿತು’ ಎಂದರೆ ಸರಿ. ಇಲ್ಲಿಯೂ ಕ್ರಿಯಾಪದವೇ ಕಾಯುತ್ತದೆ.

ದೂರದೇಶದ ಘಟನೆಗಳಿಗೆ ಆ ಸ್ಥಳದ ತಾರೀಖೇ ಪ್ರಮಾಣ. 1952ರ ಜಲಜನಕ ಬಾಂಬ್ ಪರೀಕ್ಷೆ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ನವೆಂಬರ್ 1ರ ಬೆಳಿಗ್ಗೆ 7.15ಕ್ಕೆ ನಡೆಯಿತು. ಗ್ರೀನಿಚ್ಚಿನಲ್ಲಿ ಆಗ ಅಕ್ಟೋಬರ್ 31ರ ಸಂಜೆ. ಮುಂಬಯಿಯಲ್ಲಿ ನಡುರಾತ್ರಿ ದಾಟಿ ಮುಕ್ಕಾಲು ಗಂಟೆ. ಅದಕ್ಕೇ ಕೆಲವು ಪಟ್ಟಿಗಳಲ್ಲಿ ಇದು ಅಕ್ಟೋಬರ್ 31ರ ಕೆಳಗೆ ಸಿಗುತ್ತದೆ.

ಪತ್ರಿಕೆಯಿಂದ ತೆಗೆದ ಕಾರ್ಡಾದರೆ ಇನ್ನೊಂದು ಎಚ್ಚರ. ಪುಟದ ತಲೆಯ ಮೇಲಿರುವುದು ಸಂಚಿಕೆಯ ತಾರೀಖು, ಘಟನೆ ಸಾಮಾನ್ಯವಾಗಿ ಹಿಂದಿನ ದಿನದ್ದು. ಹಳೆಯ ಪತ್ರಿಕೆಯ ಪುಟ ನೋಡಿ ಬರೆಯುವವರಲ್ಲಿ ಅರ್ಧದಷ್ಟು ಜನ ಇಲ್ಲಿ ಜಾರುತ್ತಾರೆ ಎಂದರೆ ಹೆಚ್ಚಾಗಲಾರದು.

ಹಂತ 5: ಎರಡು ಸಾಕ್ಷಿ, ಒಂದು ವಾರ

ಪ್ರತಿ ಕಾರ್ಡಿಗೂ ಎರಡು ಮೂಲ ಬೇಕು, ಅವು ಒಂದನ್ನೊಂದು ನಕಲು ಮಾಡಿದವಾಗಿರಬಾರದು. ಐದು ಕಡೆ ಅದೇ ವಾಕ್ಯ, ಅದೇ ಅಲ್ಪವಿರಾಮ ಕಂಡರೆ ಅವು ಐದಲ್ಲ, ಒಂದೇ ಸಾಕ್ಷಿ.

ಮೂಲದಲ್ಲಿ ವಾರದ ಹೆಸರಿದ್ದರೆ ಕ್ಯಾಲೆಂಡರಿನಲ್ಲಿ ತಾಳೆ ನೋಡಿ. ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಪ್ರಯಾಣಿಕರ ರೈಲು ಹೊರಟದ್ದು 1853ರ ಏಪ್ರಿಲ್ 16, ಶನಿವಾರ. ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡದ್ದು 1944ರ ಏಪ್ರಿಲ್ 14, ಶುಕ್ರವಾರ. 1956ರ ನವೆಂಬರ್ 1 ಗುರುವಾರ, 1973ರ ನವೆಂಬರ್ 1 ಕೂಡ ಗುರುವಾರವೇ. ವಾರ ಹೊಂದದಿದ್ದರೆ ತಾರೀಖು, ತಿಂಗಳು, ವರ್ಷ ಈ ಮೂರರಲ್ಲಿ ಒಂದು ಕೆಟ್ಟಿದೆ ಎಂದೇ ತಿಳಿಯಿರಿ.

ಸಾಕ್ಷಿಗಳು ಹೊಂದದಿದ್ದರೆ ಏನು ಮಾಡಬೇಕು? ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ನಮ್ಮ ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ. ಹುಟ್ಟಿದ ದಿನ ಸೆಪ್ಟೆಂಬರ್ 15 ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ವರ್ಷ ಮಾತ್ರ ಕೆಲವೆಡೆ 1860, ಕೆಲವೆಡೆ 1861. ಹಲಗೆಗೆ ಬೇಕಾದದ್ದು ದಿನ. ಆದ್ದರಿಂದ ‘ವಿಶ್ವೇಶ್ವರಯ್ಯನವರ ಜನ್ಮದಿನ’ ಎಂದು ವರ್ಷವಿಲ್ಲದೆ ಬರೆದರೆ ಸಾಕು. ತೀರಿಕೊಂಡ ದಿನ 1962ರ ಏಪ್ರಿಲ್ 12 ಎಂದೂ 14 ಎಂದೂ ಅಚ್ಚಾಗಿದೆ. ಇಲ್ಲಿ ದಿನವೇ ಹೊಯ್ದಾಡುತ್ತಿದೆ. ಆ ವಾರದ ಪತ್ರಿಕೆಯ ಪುಟ ಕೈಗೆ ಸಿಗುವವರೆಗೂ ಈ ಕಾರ್ಡು ಪೆಟ್ಟಿಗೆಯಲ್ಲೇ ಇರಲಿ. ಇಷ್ಟು ಪ್ರೀತಿಯ ಹೆಸರನ್ನು ಬಿಡುವುದು ಕಷ್ಟ, ಆದರೂ ಬಿಡಲೇಬೇಕು.

ಗುಂಪಾಗಿ ಬರುವ ಘಟನೆಗಳನ್ನು ಒಂದೊಂದಾಗಿ ನೋಡಿ. 2000ದ ನವೆಂಬರಿನಲ್ಲಿ ಮೂರು ರಾಜ್ಯಗಳು ಹುಟ್ಟಿದವು: ಛತ್ತೀಸಗಢ 1ರಂದು, ಈಗ ಉತ್ತರಾಖಂಡ ಎನ್ನುವ ಉತ್ತರಾಂಚಲ 9ರಂದು, ಝಾರ್ಖಂಡ್ 15ರಂದು. ಮೂರನ್ನೂ 1ನೇ ತಾರೀಖಿಗೆ ಕಟ್ಟಿದ ಫೋಟೋ ಪ್ರತಿ ವರ್ಷ ಬರುತ್ತದೆ.

ಎಚ್ಚರಿಕೆಯ ಚಿಹ್ನೆಗಳು

‘ಮೊದಲ’ ಎಂಬ ಪದ ಕಂಡರೆ ನಿಲ್ಲಿ. 1853ರ ಠಾಣೆಯ ರೈಲನ್ನು ‘ಭಾರತದ ಮೊದಲ ರೈಲು’ ಎಂದರೆ ತಪ್ಪಾಗುತ್ತದೆ, ಏಕೆಂದರೆ ಮದ್ರಾಸಿನ ರೆಡ್ ಹಿಲ್ಸ್ ಕಡೆಯಿಂದ ಕಲ್ಲು ಸಾಗಿಸುವ ರೈಲು 1837ರಲ್ಲೇ ಓಡಿತ್ತು. ‘ಮೊದಲ ಪ್ರಯಾಣಿಕರ ರೈಲು’ ಎನ್ನಬೇಕು. ‘ವಿಟಿಯಿಂದ (ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದಿಂದ) ಹೊರಟಿತು’ ಎಂದೂ ಬರೆಯುತ್ತಾರೆ. ಆ ಭವ್ಯ ಕಟ್ಟಡದ ಕೆಲಸ ಶುರುವಾದದ್ದೇ ಕಾಲು ಶತಮಾನದ ಆಮೇಲೆ.

ಹಳೆಯ ತಲೆಮಾರಿನವರ ಜನ್ಮದಿನ ಜೂನ್ 1 ಎಂದಿದ್ದರೆ ಅನುಮಾನಿಸಿ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದಾಗಿರಬಹುದು. ಜನವರಿ 1ಕ್ಕೂ ಇದೇ ಮಾತು.

ಹಂತ 6: ಏಳು ಸಾಲು ಆರಿಸಿ

ನಾಲ್ಕಡಿ ಹಲಗೆಗೆ ಏಳು ಸಾಲಿಗಿಂತ ಹೆಚ್ಚು ಬೇಡ. ಮುಂಬಯಿಯವರು ನಿಂತು ಓದುವುದು ಲೋಕಲ್ ಹಿಡಿಯುವ ಆತುರದಲ್ಲಿ.

ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಎಂಬುದು ನನ್ನ ಕ್ರಮ. ವರ್ಷದ ಕ್ರಮದಲ್ಲಿ ಬರೆದರೆ ಲಿಸ್ಬನ್ ಮೇಲೆ ಬಂದು ಮೈಸೂರು ಕೆಳಗೆ ಹೋಗುತ್ತದೆ. ಮಕ್ಕಳಿಗಾಗಿ ಒಂದು ಸಾಲು ಇಡಿ: ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ದಿನವೇ, 1973ರ ನವೆಂಬರ್ 1ರಂದು, ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ಈ ಸಾಲು ಓದಿದ ಮಕ್ಕಳು ಉಳಿದ ಆರನ್ನೂ ಓದುತ್ತಾರೆ.

ಹಂತ 7: ಆ ಕಾಲದ ಹೆಸರಿನಲ್ಲಿ ಬರೆಯಿರಿ

ಒಂದು ವರ್ಷ ನಾನು ‘1956: ಕರ್ನಾಟಕ ರಾಜ್ಯ ಉದಯ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಗದಗ ಕಡೆಯ ಹಿರಿಯರೊಬ್ಬರು ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ಶಾಲೆಯ ಪ್ರಮಾಣಪತ್ರ ತಂದರು. ನಾಲ್ಕಾಗಿ ಮಡಚಿ ಮಡಚಿ ನಡುವೆ ಹರಿದಿತ್ತು, ಅಂಟಿಸಿದ ಟೇಪು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಜಿಲ್ಲೆ ಧಾರವಾಡ, ಅದರ ಮುಂದೆ ಮುಂಬಯಿ ರಾಜ್ಯ. ಅದರ ಮೇಲೆ ಬೆರಳಿಟ್ಟು ಅವರು ಹೇಳಿದರು: “ತಮ್ಮಾ, ಅಕ್ಟೋಬರ್ 31ರ ರಾತ್ರಿ ನಾವು ಮುಂಬಯಿ ರಾಜ್ಯದಲ್ಲಿ ಮಲಗಿ, ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದೆವು. ಕರ್ನಾಟಕ ಎಂಬ ಹೆಸರಿಗೆ ಇನ್ನೂ ಹದಿನೇಳು ವರ್ಷ ಕಾದೆವು. ಆ ಹದಿನೇಳು ವರ್ಷವನ್ನು ನೀನು ಅಳಿಸಬೇಡ.”

ಅಂದೇ ಅಳಿಸಿ ಎರಡು ಸಾಲು ಮಾಡಿದೆ. ‘1956: ಕನ್ನಡ ನಾಡಿನ ಭಾಗಗಳು ಕೂಡಿ ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂತು. ಮುಂಬಯಿ ರಾಜ್ಯದಿಂದ ಬೆಳಗಾವಿ (ಚಂದಗಡ ತಾಲೂಕು ಬಿಟ್ಟು), ವಿಜಾಪುರ, ಧಾರವಾಡ, ಉತ್ತರ ಕನ್ನಡ ಸೇರಿದವು.’ ‘1973: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು.’ ಮುಂಬಯಿಯ ಸಂಘವಾದರೆ ಇನ್ನೊಂದು ಮಾತು ಸೇರಿಸಬಹುದು: ಅದೇ ದಿನ ಸೌರಾಷ್ಟ್ರ, ಕಚ್ಛ್, ಮರಾಠವಾಡ, ವಿದರ್ಭ ಮುಂಬಯಿ ರಾಜ್ಯಕ್ಕೆ ಸೇರಿದವು. ಮಹಾರಾಷ್ಟ್ರ ಎಂಬ ರಾಜ್ಯ ಆಗಿನ್ನೂ ಇರಲಿಲ್ಲ, ಅದು ಬಂದದ್ದು 1960ರ ಮೇ 1ರಂದು. ನೆರೆಯ ಮರಾಠಿ ಗೆಳೆಯರೂ ಈ ಸಾಲಿನ ಮುಂದೆ ನಿಲ್ಲುತ್ತಾರೆ.

ವಾಕ್ಯ ಚಿಕ್ಕದಿರಲಿ. ವರ್ಷ, ಸ್ಥಳ, ಯಾರು, ಏನಾಯಿತು. ಹೊಗಳಿಕೆಗೆ ಜಾಗವಿಲ್ಲ.

ಹಂತ 8: ಹಲಗೆಯ ಮೇಲೆ

ಹಿಂದಿನ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ತೇವವಿರುವಾಗ ಬರೆದರೆ ಅಕ್ಷರ ಮೊದಲು ಮಂಕಾಗಿ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗೆ ಕಚ್ಚಿಕೊಂಡು ಕೂರುತ್ತದೆ, ತಿದ್ದಲು ಹೋದರೆ ಹೋಗುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸದೆ ಸೀಮೆಸುಣ್ಣ ಮುಟ್ಟಬೇಡಿ.

ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಇಬ್ಬರು ಎರಡು ತುದಿ ಹಿಡಿದು ನಡುವೆ ಎಳೆದು ಬಿಟ್ಟರೆ ನೇರ ಗೆರೆ ಮೂಡುತ್ತದೆ. ಮೊದಲು ವರ್ಷಗಳನ್ನು ಮಾತ್ರ ಎಡಕ್ಕೆ ಒಂದರ ಕೆಳಗೊಂದು ಬರೆಯಿರಿ, ಆಮೇಲೆ ಸಾಲು ತುಂಬಿರಿ. ಬಲಗಡೆ ಒಂದು ಗೇಣು ಖಾಲಿ ಬಿಡಿ. ಬರೆದ ಮೇಲೆ ಇನ್ನೊಬ್ಬರು ಕಾರ್ಡು ಹಿಡಿದು ಗಟ್ಟಿಯಾಗಿ ಓದಬೇಕು, ನೀವು ಹಲಗೆಯ ಮೇಲೆ ಬೆರಳಿಟ್ಟು ಹೋಗಬೇಕು. 1755 ಹೋಗಿ 1775 ಆಗುವುದು ಕೈಯಿಂದ, ಅದನ್ನು ಹಿಡಿಯುವುದು ಕಿವಿ.

ಹಂತ 9: ಅಳಿಸುವ ಮುನ್ನ

ಬಲಗಡೆ ಬಿಟ್ಟ ಜಾಗ ಓದುಗರದು. ಪಕ್ಕದಲ್ಲಿ ಒಂದು ಸೀಮೆಸುಣ್ಣದ ತುಂಡು ಇಟ್ಟುಬಿಡಿ. ತಪ್ಪು ಕಂಡವರು ಅಲ್ಲಿ ಬರೆಯುತ್ತಾರೆ, ನೆನಪಿದ್ದವರೂ ಬರೆಯುತ್ತಾರೆ. ಸಂಜೆ ಮೊಬೈಲಿನಲ್ಲಿ ಹಲಗೆಯ ಫೋಟೋ ತೆಗೆಯಿರಿ. ತಿದ್ದುಪಡಿಯನ್ನು ರಿಜಿಸ್ಟರಿನಲ್ಲಿ ಆ ತಾರೀಖಿನ ಪುಟಕ್ಕೆ ಇಳಿಸಿ, ಹೇಳಿದವರ ಊರು ಮತ್ತು ಅವರು ತೋರಿಸಿದ ಕಾಗದ ಯಾವುದು ಎಂದು ನಮೂದಿಸಿ, ಹಳೆಯ ಕಾರ್ಡನ್ನು ಹರಿಯದೆ ಹೊಸದರ ಹಿಂದೆ ಪಿನ್ ಮಾಡಿ. ಆಮೇಲೆ ಒದ್ದೆ ಬಟ್ಟೆ ತೆಗೆದುಕೊಳ್ಳಿ.